ಬಾಲ ನಿಲ್ಲುವ ಜಾಗ

ಮೊನ್ನೆ ಮೊಮ್ಮಗಳನ್ನು ರೈಲು ಹತ್ತಿಸಲು ಹೋಗಿದ್ದೆ. ಅವಳ ಬೋಗಿ ಪ್ಲಾಟ್‌ಫಾರಂ ದಾಟಿ, ಜಲ್ಲಿ ಕಲ್ಲಿನ ಮೇಲೆ ಹೋಗಿ ನಿಂತಿತು. ಅವಳು ರೈಲ್ವೆಯವರನ್ನು ಬೈದುಕೊಂಡು ಓಡಿದಳು. ನಾನು ಮಾತ್ರ ನಿಂತಲ್ಲೇ ನಕ್ಕೆ. ಇಷ್ಟು ವರ್ಷವಾದರೂ ಗಾಡಿ ಮತ್ತು ಸ್ಟೇಷನ್ ಒಂದಕ್ಕೊಂದು ಅಳತೆ ಕೂಡಿಸಿಕೊಂಡಿಲ್ಲ, ಕೂಡಿಸಿಕೊಳ್ಳುವ ಲಕ್ಷಣವೂ ಕಾಣುವುದಿಲ್ಲ. ಎಂಬತ್ತು ತೊಂಬತ್ತರ ದಶಕದಲ್ಲಿ ಇವೆರಡರ ನಡುವೆ ಹಸಿರು ಬಾವುಟ ಹಿಡಿದು ನಿಂತಿದ್ದವನು ನಾನು, ಗೌರಿಬಿದನೂರು ಕಡೆಯ ಒಂದು ಸಣ್ಣ ಸ್ಟೇಷನ್ನಿನ ಮಾಸ್ತರ. ಸ್ಟೇಷನ್ನಿನ ಹೆಸರು ಹೇಳುವುದಿಲ್ಲ. ಅಲ್ಲಿಯವರು ಇವತ್ತಿಗೂ ನನ್ನನ್ನು ಮದುವೆ ಮುಂಜಿಗೆ ಕರೆಯುತ್ತಾರೆ, ಆ ಊಟ ಕಳೆದುಕೊಳ್ಳಲು ನನಗೆ ಇಷ್ಟವಿಲ್ಲ.

ಕೈ ತೋರಿಸಿದರೆ ನಿಲ್ಲುವ ಗಾಡಿ

ಅದಕ್ಕೂ ಮೊದಲು ನಾನಿದ್ದದ್ದು ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿ ಕಡೆಗೆ ಹೋಗುವ ಸಣ್ಣ ಹಳಿಯ ದಾರಿಯಲ್ಲಿ. ಆ ಗಾಡಿ ಎಷ್ಟು ಚಿಕ್ಕದೆಂದರೆ ಯಾವ ಸ್ಟೇಷನ್ನಿಗೂ ಅದರಿಂದ ತೊಂದರೆ ಆದದ್ದಿಲ್ಲ. ಮೇಲೂರಿನ ಕಡೆಯ ರೈತರೊಬ್ಬರು ರೇಷ್ಮೆಗೂಡಿನ ಚೀಲ ಹೊತ್ತು ದೂರದ ಹಿಪ್ಪುನೇರಳೆ ತೋಟದಿಂದ ಕೈ ಬೀಸಿದರೆ ಡ್ರೈವರು ಗಾಡಿ ನಿಧಾನ ಮಾಡುತ್ತಿದ್ದ. ಅವರು ಹತ್ತಿದ ಮೇಲೆ ಈ ಸಲ ಗೂಡು ಹೇಗೆ ಕಟ್ಟಿದೆ ಎಂದು ವಿಚಾರಿಸಿಕೊಂಡೇ ಮುಂದೆ ಬಿಡುತ್ತಿದ್ದ.

ನನಗೆ ದೊಡ್ಡ ಹಳಿಯ ಕಡೆಗೆ ವರ್ಗವಾಯಿತು. ಕೆಲವು ತಿಂಗಳ ಮೇಲೆ ಅದೇ ರೈತರು ಮಗಳ ಮನೆಗೆಂದು ನಮ್ಮೂರಿಗೆ ಬಂದರು. ವಾಪಸ್ ಹೊರಟ ದಿನ ನಮ್ಮಲ್ಲಿ ನಿಲ್ಲದ ಒಂದು ದೊಡ್ಡ ಎಕ್ಸ್‌ಪ್ರೆಸ್ಸಿಗೆ ಪ್ಲಾಟ್‌ಫಾರಂ ಅಂಚಿನಲ್ಲಿ ನಿಂತು ಕೈ ಬೀಸಿದರು. ಅದು ಧೂಳೆಬ್ಬಿಸಿಕೊಂಡು ಹೋಯಿತು. ತಲೆಯ ಟವೆಲ್ಲೂ ಹಾರಿಹೋಯಿತು. ಟವೆಲ್ ಹುಡುಕಿಕೊಂಡು ಬಂದವರು ನೇರ ನನ್ನ ಮೇಜಿನ ಮುಂದೆ ನಿಂತರು.

"ಆ ಡ್ರೈವರ್ ಯಾರ ಕಡೆಯೋನು ಮಾಸ್ಟ್ರೇ? ನನ್ ಮುಖ ನೋಡ್ಕೊಂಡೇ ಹೋದ. ನಿಲ್ಲಿಸ್ದೆ ಇದ್ರೆ ಹೋಗ್ಲಿ, ಚೆನ್ನಾಗಿದ್ದೀರಾ ಅನ್ನೋಕೇನಾಗಿತ್ತು?"

ಬಲಗಾಲು

ಊರಿನವರು ವರ್ಷಗಟ್ಟಲೆ ಅರ್ಜಿ ಹಾಕಿ ಹಾಕಿ, ಕೊನೆಗೆ ಹಿಂದೂಪುರದ ಕಡೆಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಒಂದು ಉದ್ದನೆಯ ಗಾಡಿಗೆ ನಮ್ಮಲ್ಲಿ ನಿಲುಗಡೆ ಸಿಕ್ಕಿತು. ಅದೂ ತಾತ್ಕಾಲಿಕ. ನಿಲ್ಲುವುದು ಎರಡೇ ನಿಮಿಷ, ಪದೇ ಪದೇ ತಡವಾದರೆ ನಿಲುಗಡೆ ರದ್ದು ಎಂದು ಮೇಲಿನವರ ಅಪ್ಪಣೆ. ರದ್ದಾದರೆ ದಿನಾ ಬೆಂಗಳೂರಿಗೆ ಹೋಗಿ ಬರುವ ಗುಮಾಸ್ತರು, ಟೀಚರುಗಳು, ಫ್ಯಾಕ್ಟರಿಯವರು ಎರಡು ಬಸ್ಸು ಬದಲಾಯಿಸಿ ಸಾಯಬೇಕು. ಅವರಲ್ಲಿ ಅರ್ಧ ಜನ ಕೆಲಸವನ್ನೇ ಬಿಡಬೇಕಾಗುತ್ತಿತ್ತು.

ಗಾಡಿ ಬಂತು. ಎಂಜಿನ್ ಸರಿಯಾಗಿ ತಾನು ನಿಲ್ಲಬೇಕಾದ ಜಾಗದ ಬೋರ್ಡಿನ ಬುಡದಲ್ಲಿ ನಿಂತಿತು. ಆದರೆ ಪ್ಲಾಟ್‌ಫಾರಂ ಹಳೇ ಮೀಟರ್ ಗೇಜ್ ಕಾಲದ್ದು, ಗಿಡ್ಡ ಗಾಡಿಗಳಿಗೆಂದು ಕಟ್ಟಿದ್ದು. ಗಾಡಿಯ ಬಾಲ ಪೂರ್ತಿ ಹೊರಗೆ, ಪಕ್ಕದ ಕಡಲೆಕಾಯಿ ಹೊಲದ ಎದುರು ನಿಂತಿತು.

ಒಂದು ದಿನ ಆ ಬಾಲದಲ್ಲಿ ಮದುವೆಯ ದಿಬ್ಬಣ ಬಂತು. ಹೆಣ್ಣು ಪೆನುಕೊಂಡೆಯ ಕಡೆಯದು, ಗಂಡು ನಮ್ಮೂರಿನವನು. ಗಂಡಿನ ತಾಯಿ ಹೇಗೋ ಜಾರಿಕೊಂಡು ಕೆಳಗಿಳಿದವರು, ಸೊಸೆ ಊರಿನ ಮಣ್ಣಿಗೆ ಮೊದಲು ಬಲಗಾಲೇ ಇಡಬೇಕೆಂದು ಹಟ ಹಿಡಿದರು. ಬೋಗಿಯ ಕೊನೇ ಮೆಟ್ಟಿಲಿಂದ ನೆಲಕ್ಕೆ ಆಳೆತ್ತರ. ಹುಡುಗಿ ಬಲಗಾಲು ಇಳಿಬಿಟ್ಟರೆ ಅದು ಗಾಳಿಯಲ್ಲೇ ಆಡುತ್ತದೆ. ಮಾವನವರು ಎಡಗಾಲು ಮೊದಲಿಟ್ಟು ಇಳಿಯಲಿ, ಬಲಗಾಲು ಆಮೇಲಿಟ್ಟರಾಯಿತು ಎಂದರು. ಚಿಕ್ಕಪ್ಪ ಮನೆಯ ಹೊಸ್ತಿಲಿಗೆ ಮಾತ್ರ ಆ ನಿಯಮ, ರೈಲಿಗಲ್ಲ ಎಂದರು. ಗಾರ್ಡು ಗಡಿಯಾರ ನೋಡುತ್ತಿದ್ದ. ನಿಲುಗಡೆ ಇವತ್ತಿಗೇ ಮುಗಿಯಿತು ಎಂದು ನಾನು ಬಾವುಟ ಹಿಡಿದು ಓಡಿದೆ. ಅಷ್ಟರಲ್ಲಿ ಹುಡುಗಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಎರಡೂ ಕಾಲಲ್ಲಿ ಧೊಪ್ಪೆಂದು ಹಾರಿದಳು.

ಆ ಅತ್ತೆ ಬಹಳ ವರ್ಷ ಎದುರು ಸಿಕ್ಕಾಗಲೆಲ್ಲ ನನ್ನನ್ನು ನಿಲ್ಲಿಸಿ ದೂರುತ್ತಿದ್ದರು. "ನಿಮ್ ಗಾಡಿ ದೆಸೆಯಿಂದ ಎರಡೂ ಕಾಲಲ್ಲಿ ಬಂದ್ಳು ಮಾಸ್ಟ್ರೇ. ಒಂದೇ ಕಾಲಲ್ಲಿ ಬಂದಿದ್ರೆ ಅರ್ಧ ಮನೆಯಾದ್ರೂ ನನಗೆ ಉಳೀತಿತ್ತು."

ಎರಡು ಸಲ ಅಳು

ಬಾಲದಿಂದ ಇಳಿಯಲಾಗುವುದಿಲ್ಲವೆಂದು ಊರಿನವರ ದೂರು ಮೇಲಕ್ಕೆ ಹೋಯಿತು. ಮೇಲಿನವರು ಮೊದಲು ಒಂದು ಬೋರ್ಡು ಕಳಿಸಿದರು: ಹಿಂದಿನ ಬೋಗಿಗಳಲ್ಲಿ ಇರುವವರು ಮುಂದಿನ ಬೋಗಿಗಳಿಗೆ ಬಂದು ಇಳಿಯತಕ್ಕದ್ದು. ಅದನ್ನು ಪ್ಲಾಟ್‌ಫಾರಂ ನಡುವೆ ನೆಡಿಸಿದರು. ಹಿಂದಿನ ಬೋಗಿಯವರು ಅದನ್ನು ಓದಬೇಕಾದರೆ ಮೊದಲು ಇಳಿದು, ಮುಂದೆ ನಡೆದು ಬಂದು, ಓದಿಕೊಂಡು, ಮತ್ತೆ ಹತ್ತಬೇಕಿತ್ತು.

ಆಮೇಲೆ ಇನ್ನೊಂದು ಉಪಾಯ ಬಂತು. ಗಾಡಿ ಎರಡು ಸಲ ನಿಲ್ಲಬೇಕು. ಮೊದಲು ಮುಂದಿನ ಬೋಗಿಗಳಿಗೆ, ಸ್ವಲ್ಪ ಮುಂದಕ್ಕೆ ಎಳೆದು ಆಮೇಲೆ ಹಿಂದಿನವಕ್ಕೆ. ಕಾಗದದ ಮೇಲೆ ಬಹಳ ಚೆನ್ನಾಗಿತ್ತು. ಆದರೆ ನಮ್ಮ ಕಡೆ ಒಬ್ಬರನ್ನು ಊರಿಗೆ ಕಳಿಸುವುದೆಂದರೆ ಇಡೀ ಮನೆ ಸ್ಟೇಷನ್ನಿಗೆ ಬರುತ್ತದೆ. ನಗರಗೆರೆಯ ಒಂದು ಕುಟುಂಬ ಮಗಳನ್ನು ಬೆಂಗಳೂರಿನ ಗಂಡನ ಮನೆಗೆ ಕಳಿಸಲು ಬಂದಿತ್ತು. ಗಾಡಿ ಹೊರಟಿತು, ತಾಯಿ ಬಿಕ್ಕಿ ಬಿಕ್ಕಿ ಅತ್ತರು, ಮಗಳು ಕಿಟಕಿಯಲ್ಲಿ ಅತ್ತಳು, ಅಪ್ಪ ಆ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನೋಡುತ್ತಿದ್ದ ನನಗೂ ಸಂಕಟವಾಯಿತು. ಅಷ್ಟರಲ್ಲಿ ಗಾಡಿ ಮತ್ತೆ ನಿಂತಿತು.

ಹೇಳುವುದನ್ನೆಲ್ಲ ಹೇಳಿಯಾಗಿತ್ತು. ತಾಯಿ ಅಷ್ಟು ದೂರ ನಡೆದು ಹೋಗಿ ಕಿಟಕಿಯ ಕಂಬಿ ಹಿಡಿದುಕೊಂಡರು. "ಮತ್ತೆ, ಅಲ್ಲಿ ನೀರು ದಿನಾ ಬರುತ್ತೇನಮ್ಮ?" ಎಂದರು. ಮಗಳು ದಿನ ಬಿಟ್ಟು ದಿನ ಎಂದಳು. ಗಾಡಿ ಹೊರಟಾಗ ಇಬ್ಬರಿಗೂ ಅಳು ಬರಲಿಲ್ಲ. ನಾಚಿಕೆಯಾಗಿ ತಾಯಿ ಸೆರಗನ್ನು ಸುಮ್ಮನೆ ಕಣ್ಣಿಗೊತ್ತಿಕೊಂಡರು. ಎರಡು ಸಲ ನಿಲ್ಲಿಸಿದರೆ ಹೊತ್ತಾಗುತ್ತದೆಂದು ಆ ಏರ್ಪಾಡು ಬೇಗನೆ ನಿಂತುಹೋಯಿತು. ಅಪ್ಪ ಮಾತ್ರ ಅವತ್ತು ಹೊರಡುವಾಗ ನನ್ನ ಹತ್ತಿರ ಬಂದು, ಮುಂದಿನ ಸಲ ಗಾಡಿ ಎಷ್ಟನೇ ಸಲ ಹೊರಟಾಗ ಅಳಬೇಕೆಂದು ಮೊದಲೇ ತಿಳಿಸಬೇಕೆಂದು ಕೇಳಿಕೊಂಡು ಹೋದರು.

ಅಜ್ಜಿಯ ಸ್ಟೇಷನ್

ಆ ಕಡಲೆಕಾಯಿ ಹೊಲ ಒಬ್ಬ ಅಜ್ಜಿಯದು. ಮನೆಮಾತು ತೆಲುಗು, ಬೈಗುಳ ಎರಡೂ ಭಾಷೆಯಲ್ಲಿ. ಇಳಿದವರೆಲ್ಲ ಗಿಡ ತುಳಿಯುತ್ತಾರೆಂದು ಮೊದಮೊದಲು ಕೋಲು ಹಿಡಿದು ಕಾಯುತ್ತಿದ್ದಳು. ಆಮೇಲೆ ಕಾದು ಸಾಕಾಗಿ, ಬದುವಿನ ಮೇಲೆ ಚಪ್ಪಡಿ ಕಲ್ಲು ಹಾಸಿಸಿ, ಇಲ್ಲೇ ಇಳೀರಿ, ಇಲ್ಲೇ ಹತ್ತಿ, ಗಿಡಕ್ಕೆ ಕಾಲಿಟ್ಟರೆ ಕಾಲು ಮುರೀತೀನಿ ಎಂದು ಸಾರಿದಳು.

ಅಷ್ಟರಲ್ಲಿ ದಿನಾ ಬೆಂಗಳೂರಿಗೆ ಓಡಾಡುವವರಿಗೆ ಒಂದು ಸತ್ಯ ಹೊಳೆಯಿತು. ಪ್ಲಾಟ್‌ಫಾರಂ ಎದುರಿನ ಬೋಗಿಗಳಿಗೆ ಎಲ್ಲರೂ ನುಗ್ಗುತ್ತಾರೆ, ಬಾಲದಲ್ಲಿ ಸೀಟು ಖಾಲಿ ಇರುತ್ತದೆ. ಒಬ್ಬೊಬ್ಬರಾಗಿ ಹೊಲಕ್ಕೆ ಸರಿದರು. ಹೂವಿನವಳು ಹಿಂದೆಯೇ ಹೋದಳು. ಟೀ ಕ್ಯಾನಿನವನೂ ಹೋದ. ಪ್ರಯಾಣಿಕರ ಸಂಘದ ಅಧ್ಯಕ್ಷರು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು, ಪ್ಲಾಟ್‌ಫಾರಂ ಉದ್ದ ಮಾಡಿಸಿ ಎಂದು ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. ಅವರು ಆ ಅರ್ಜಿಗಳನ್ನೂ ಅಜ್ಜಿಯ ಚಪ್ಪಡಿ ಮೇಲೆ ಕೂತೇ ಬರೆಯುತ್ತಿದ್ದರು. ಗಾಡಿ ಬರುವ ಹೊತ್ತಿಗೆ ನನ್ನ ಪ್ಲಾಟ್‌ಫಾರಂ ಮೇಲೆ ನಾನು, ಹಳಿ ಬದಲಿಸುವ ಪಾಯಿಂಟ್ಸ್‌ಮನ್ನು ಮತ್ತು ಒಂದು ನಾಯಿ.

ಒಮ್ಮೆ ಹೊಸಬರೊಬ್ಬರು ನನ್ನ ಕೈಯಲ್ಲೇ ಟಿಕೆಟ್ ತೆಗೆದುಕೊಂಡು, ಸುತ್ತ ನೋಡಿ, "ಸ್ಟೇಷನ್ ಎಲ್ಲಿ ಸಾರ್?" ಎಂದು ಕೇಳಿದರು. ನಾನು ಹೊಲದ ಕಡೆ ಕೈ ತೋರಿಸಿದೆ.

ಉದ್ದವಾದ ಪ್ಲಾಟ್‌ಫಾರಂ

ಕೊನೆಗೂ ಅಧ್ಯಕ್ಷರ ಅರ್ಜಿ ಫಲಿಸಿತು. ಸಿಮೆಂಟು ಬಂತು, ಜಲ್ಲಿ ಬಂತು, ಕಂಟ್ರಾಕ್ಟರು ಬಂದ. ಪ್ಲಾಟ್‌ಫಾರಂ ಉದ್ದವಾಯಿತು. ಆದರೆ ಬಾಲ ಇರುವ ಕಡೆಗಲ್ಲ, ಎಂಜಿನ್ ಇರುವ ಕಡೆಗೆ. ಆ ಕಡೆ ರಸ್ತೆ ಇತ್ತು, ಲಾರಿ ಬಂದು ಸುರಿಯಲು ಅನುಕೂಲ. ಅದರಲ್ಲೇನೂ ತಪ್ಪಿರಲಿಲ್ಲ. ಎಂಜಿನ್ ಮುಂದಕ್ಕೆ ಹೋಗಿ ನಿಂತರೆ ಬಾಲ ತಾನೇ ಒಳಗೆ ಬರುತ್ತದೆ.

ಎಂಜಿನ್ ಮುಂದಕ್ಕೆ ಹೋಗಲಿಲ್ಲ. ಅದು ಎಲ್ಲಿ ನಿಲ್ಲಬೇಕೆಂದು ಹೇಳುವ ಬೋರ್ಡು ಹಳೇ ಜಾಗದಲ್ಲೇ ಇತ್ತು. ಪ್ಲಾಟ್‌ಫಾರಂ ಕಟ್ಟುವುದು ಒಂದು ಇಲಾಖೆ, ಬೋರ್ಡು ಕೀಳುವುದು ಇನ್ನೊಂದು. ಕಟ್ಟಿದವರು ನಮ್ಮ ಕೆಲಸ ಮುಗಿಯಿತೆಂದರು, ಬೋರ್ಡಿನವರು ನಮಗೆ ಯಾರೂ ತಿಳಿಸಿಲ್ಲವೆಂದರು. ದಿನಾ ಬೆಳಿಗ್ಗೆ ಎಂಜಿನ್ ಹಳೇ ಬೋರ್ಡಿನ ಬುಡದಲ್ಲಿ ನಿಂತು, ತನ್ನ ಮುಂದಿದ್ದ ಹೊಸ ಪ್ಲಾಟ್‌ಫಾರಮ್ಮನ್ನು ಎರಡು ನಿಮಿಷ ನೋಡಿ ಹೋಗುತ್ತಿತ್ತು. ಅಜ್ಜಿ ಒಂದು ದಿನ ಬಂದು, ಆ ನುಣ್ಣನೆ ನೆಲವನ್ನು ಕಾಲಲ್ಲಿ ಉಜ್ಜಿ ನೋಡಿ, ಮರುದಿನದಿಂದ ಅಲ್ಲಿ ಕಡಲೆಕಾಯಿ ಒಣಗಹಾಕತೊಡಗಿದಳು.

ದೊಡ್ಡ ಸಾಹೇಬರು

ನಿಲುಗಡೆ ಇರಬೇಕೋ ಬೇಡವೋ ಎಂದು ಖುದ್ದಾಗಿ ನೋಡಿ ತೀರ್ಮಾನಿಸಲು ದೊಡ್ಡ ಸಾಹೇಬರು ಬರುತ್ತಾರೆಂದು ತಿಳಿಯಿತು. ಆ ಬೆಳಿಗ್ಗೆ ಅಧ್ಯಕ್ಷರು ಹಾರ ತಂದರು. ಊರಿನವರೆಲ್ಲ ಇಸ್ತ್ರಿ ಬಟ್ಟೆಯಲ್ಲಿ ಬಂದರು. ಸಾಹೇಬರು ಕಾರಿನಲ್ಲಿ ಬರುತ್ತಾರೆಂದ ಮೇಲೆ ಬೋರ್ಡಿನ ಇಲಾಖೆಗೂ ಎಚ್ಚರವಾಯಿತು. ಗಾಡಿ ಬರುವುದಕ್ಕೆ ಸ್ವಲ್ಪವೇ ಮೊದಲು ಇಬ್ಬರು ಬಂದು ಬೋರ್ಡು ಕಿತ್ತು, ಹೊಸ ತುದಿಯಲ್ಲಿ ನೆಟ್ಟು, ನನ್ನ ಕೈಯಲ್ಲಿ ರುಜು ಹಾಕಿಸಿಕೊಂಡರು. ಊರಿನವರಿಗೆ ಹೇಳೋಣವೆಂದು ನಾನು ಏಳುವಷ್ಟರಲ್ಲಿ ಸಾಹೇಬರ ಕಾರು ಬಂತು.

ಗಾಡಿ ಬಂತು. ಮೊದಲ ಸಲ, ತಲೆಯಿಂದ ಬಾಲದವರೆಗೆ, ಪೂರ್ತಿ ಪ್ಲಾಟ್‌ಫಾರಮ್ಮಿನೊಳಗೆ ನಿಂತಿತು. ನನ್ನ ಎದೆ ತುಂಬಿ ಬಂತು. ತಿರುಗಿ ನೋಡಿದರೆ ಪ್ಲಾಟ್‌ಫಾರಂ ಮೇಲೆ ಯಾರೂ ಇಲ್ಲ. ಎಲ್ಲರೂ ಹೊಲದಲ್ಲಿದ್ದರು. ಹಾರ ಹಿಡಿದ ಅಧ್ಯಕ್ಷರೂ ಮೊದಲು ಸೀಟಿಗೆ ಕರ್ಚೀಫು ಹಾಕಿ ಆಮೇಲೆ ಸಾಹೇಬರಿಗೆ ಹಾರ ಹಾಕೋಣವೆಂದು ಅಲ್ಲೇ ನಿಂತಿದ್ದರು.

"ಪ್ಯಾಸೆಂಜರ್ಸ್ ಎಲ್ರೀ?" ಎಂದರು ಸಾಹೇಬರು.

ನಿಲುಗಡೆ ಹೋದಂತೆಯೇ ಎಂದುಕೊಂಡೆ. ಅಷ್ಟರಲ್ಲಿ ಹಳಿಯ ಪಕ್ಕದಲ್ಲಿ ಗದ್ದಲ ಕೇಳಿಸಿತು. ಇಡೀ ಊರು ಟಿಫಿನ್ ಕ್ಯಾರಿಯರ್ ಎತ್ತಿಕೊಂಡು ಓಡಿ ಬರುತ್ತಿತ್ತು. ಬಂದವರೆಲ್ಲ ಕೈಗೆ ಸಿಕ್ಕಿದ ಕೊನೇ ಬೋಗಿಗೇ ನುಗ್ಗಿದರು. ಹಾರ ಯಾರದೋ ಕುತ್ತಿಗೆಗೆ ಸಿಕ್ಕಿಕೊಂಡು ಬೆಂಗಳೂರಿಗೆ ಹೋಯಿತು. ಇಷ್ಟೆಲ್ಲ ಆದರೂ ಗಾಡಿ ಎರಡೇ ನಿಮಿಷಕ್ಕೆ ಹೊರಟಿತು.

ಕೊನೆಯಲ್ಲಿ ಬಂದವಳು ಅಜ್ಜಿ, ಕಂಕುಳಲ್ಲಿ ಮೊರ ಇಟ್ಟುಕೊಂಡು. "ಏಮಿ ಸಾಮಿ, ನನ್ ಸ್ಟೇಷನ್ ಬಿಟ್ಟು ಗಾಡಿ ಯಾಕೆ ಮುಂದಕ್ಕೆ ಹೋಯ್ತು?" ಎಂದು ಸಾಹೇಬರನ್ನೇ ಕೇಳಿದಳು.

ಸಾಹೇಬರು ನಗುವುದೋ ಬೈಯುವುದೋ ತಿಳಿಯದೆ ನನ್ನ ಮುಖ ನೋಡಿದರು. ನಾನು ಎಲ್ಲವನ್ನೂ ಹೇಳಿದೆ. ಜನ ಬೇಕಾದಷ್ಟಿದ್ದಾರೆ ಎಂದು ಅವರು ಕಣ್ಣಾರೆ ಕಂಡಿದ್ದರು. ನಿಲುಗಡೆ ಖಾಯಂ ಎಂದು ಅಲ್ಲೇ ಹೇಳಿದರು. ನನಗೆ ಹೋದ ಜೀವ ಬಂದಂತಾಯಿತು. ಹಿಂದೆಯೇ, ಜನಕ್ಕೆ ಅಭ್ಯಾಸವಾದ ಹಳೇ ಜಾಗದಲ್ಲೇ ಗಾಡಿ ನಿಲ್ಲಲಿ, ಬೋರ್ಡು ವಾಪಸ್ ನೆಡಿ ಎಂದೂ ಅಪ್ಪಣೆಯಾಯಿತು. ಹೋಗುವಾಗ ಅಜ್ಜಿಯನ್ನು ಕರೆದು, ನಿಮಗೇನಾದರೂ ತೊಂದರೆ ಇದೆಯೇನಮ್ಮ ಎಂದು ದೊಡ್ಡ ಮನಸ್ಸಿನಿಂದ ವಿಚಾರಿಸಿದರು.

ಅಜ್ಜಿ ಹೊಸ ಪ್ಲಾಟ್‌ಫಾರಂ ಕಡೆ ಕೈ ತೋರಿಸಿದಳು. "ನೆಲ ಚೆನ್ನಾಗಿ ಮಾಡ್ಸಿದ್ದೀರಿ ಸಾಮಿ. ಮೇಲೊಂದು ಚಾವಣಿ ಹಾಕ್ಸಿಬಿಡಿ. ಮಳೆ ಬಂದ್ರೆ ಎಲ್ಲಾ ನೆನೀತದೆ."

ಪ್ರಯಾಣಿಕರ ಬಗ್ಗೆ ಈ ಮುದುಕಿಗಿರುವ ಕಾಳಜಿ ನೋಡಿ ಎಂದು ಸಾಹೇಬರು ನಮಗೆಲ್ಲ ಬುದ್ಧಿ ಹೇಳಿ ಕಾರು ಹತ್ತಿದರು. ಮುಂದಿನ ಮಳೆಗಾಲದೊಳಗೆ ಗಟ್ಟಿಮುಟ್ಟಾದ ಚಾವಣಿ ಬಂತು. ನಾನು ರಿಟೈರ್ ಆಗುವವರೆಗೂ ಅದರ ಕೆಳಗೆ ಅಜ್ಜಿಯ ಒಂದೇ ಒಂದು ಕಡಲೆಕಾಯಿ ನೆನೆಯಲಿಲ್ಲ. ಪ್ರಯಾಣಿಕರು ಹೊಲದಲ್ಲಿ ಕೊಡೆ ಹಿಡಿದು ನಿಂತಿರುತ್ತಿದ್ದರು.