ಹ್ಯಾಮರಿನ ಹಬೆಯಲ್ಲಿ ಬೆಂದ ಬೇಳೆ

ನಾನು ಹೋದಲ್ಲೆಲ್ಲ ಮಷೀನು ಒಂದು ಸಲ ತಕರಾರು ಮಾಡಿದರೆ ಮನುಷ್ಯರು ಮೂರು ಸಲ ಮಾಡುತ್ತಾರೆ. ಟರ್ಕಿಯಲ್ಲೂ ಹಾಗೇ ಆಗಿದೆ, ಪುಣೆಯಲ್ಲೂ ಆಗಿದೆ. ಹುಟ್ಟಿದ ಜಮಖಂಡಿಯಿಂದ ಒಂದು ತಾಸಿನ ದಾರಿಯಲ್ಲಿ ಆದಾಗ ಮಾತ್ರ ಬೈಗುಳಗಳೂ ಪೂರ್ತಿ ಅರ್ಥವಾದವು.

ನನ್ನ ಕೆಲಸ ಹೇಳುವುದಕ್ಕೆ ಸುಲಭ. ಕಾದ ಕಬ್ಬಿಣ ಬಡಿಯುವ ದೊಡ್ಡ ಹ್ಯಾಮರುಗಳಲ್ಲಿ ಕೆಲವು ಇನ್ನೂ ಹಬೆಯಿಂದ ನಡೆಯುತ್ತವೆ. ಏಟು ಹಾಕಿ ಮುಗಿದ ಹಬೆ ಮಾಳಿಗೆ ಮೇಲಿನ ಕೊಳವೆಯಿಂದ ಆಕಾಶಕ್ಕೆ ಹೋಗುತ್ತದೆ. ಅದನ್ನು ಹಿಡಿದು, ತಣಿಸಿ ನೀರು ಮಾಡಿ, ಹ್ಯಾಮರಿನಿಂದ ಅಂಟಿಕೊಂಡು ಬಂದ ಎಣ್ಣೆ ತೆಗೆದು, ಮತ್ತೆ ಬಾಯ್ಲರಿಗೇ ಕೊಡಬೇಕು. ಲೋಕಾಪುರದ ಈಚೆ ಟ್ರ್ಯಾಕ್ಟರ್ ಸಾಮಾನು ಬಡಿಯುವ ಒಂದು ಕಾರ್ಖಾನೆಗೆ ಇದನ್ನು ಕೂಡಿಸಲು ಹೋಗಿದ್ದೆ. ನನಗಿಂತ ಮೊದಲು ಬಂದವರ್ಯಾರೋ ಎಣ್ಣೆ ನೀರನ್ನೇ ಬಾಯ್ಲರಿಗೆ ಬಿಟ್ಟು ಅದರ ಟ್ಯೂಬು ಉಬ್ಬಿಸಿ ಹೋಗಿದ್ದರು. ಹಾಗಾಗಿ ಮಾಲಕರು ನನಗೆ ಚಹಾ ಕೊಡುವ ಮೊದಲೇ ಕರಾರು ಕೊಟ್ಟರು.

“ಹದಿನೈದ ದಿನ ತಡೀತೀನ್ರಿ ಮೇಡಂ. ಟ್ರಾಯಲ್ ದಿನ ನೀರಾಗ ಒಂದ ಹನಿ ಎಣ್ಣಿ ಕಂಡ್ರೂ ನಿಮ್ಮ ಪೈಪ್ ನೀವ ಬಿಚ್ಚಿಕೊಂಡ ಹೋಗ್ರಿ.”

ನಮ್ಮ ಕಂಪನಿಯ ಸಾಹೇಬರೂ ಹೊರಡುವಾಗ ಹೇಳಿ ಕಳಿಸಿದ್ದರು: ಇದನ್ನು ಬಿಚ್ಚಿಕೊಂಡು ವಾಪಸು ಬಂದರೆ ಇನ್ನು ತಿರುಗಾಟ ಸಾಕು, ಮುಖ್ಯ ಕಚೇರಿಯಲ್ಲಿ ಕುರ್ಚಿ ಹಾಕಿಸಿಡುತ್ತೇನೆ. ಬೇರೆಯವರಿಗೆ ಅದು ಬಡ್ತಿ. ಮೂರು ತಿಂಗಳು ಒಂದೇ ಊರಿನಲ್ಲಿದ್ದರೆ ಮೈ ತುರಿಸುವ ನನಗೆ ಅದು ಜೈಲು.

ಹೊಗೆ ನಿಂತ ದಿನ

ಮಾಳಿಗೆಯ ಮೇಲೆ ಬುಸ್ ಎಂದು ಏಳುತ್ತಿದ್ದ ಆ ಬಿಳಿ ಹಬೆ, ಊರವರ ಮಾತಿನಲ್ಲಿ ಹೊಗೆ, ಸುತ್ತಲಿನ ಹೊಲಗಳಿಗೆಲ್ಲ ಗಡಿಯಾರವಾಗಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ. ಕಾರ್ಖಾನೆಯವರು ಊಟಕ್ಕೆ ಎದ್ದಾಗ ಹೊಗೆ ನಿಲ್ಲಬೇಕು, ಹೊಲದವರು ಬುತ್ತಿ ಬಿಚ್ಚಬೇಕು. ನಾನು ಮುಂಜಾನೆ ಹತ್ತಕ್ಕೆ ಕೊಳವೆಯನ್ನು ನನ್ನ ತೊಟ್ಟಿಯ ಕಡೆ ತಿರುಗಿಸಿದೆ, ಹೊಗೆ ನಿಂತಿತು. ಹತ್ತೂ ಕಾಲಿಗೆ ಮೂರು ಹೊಲಗಳಲ್ಲಿ ಕಬ್ಬಿನ ಕೆಲಸ ನಿಂತು ರೊಟ್ಟಿ ಹೊರಬಿದ್ದವು.

ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಟವೆಲ್ಲು ಹಾಕಿಕೊಂಡ ಹಿರಿಯರೊಬ್ಬರು ಸಾವಿನ ಮನೆಗೆ ಬಂದಂತೆ ಗೇಟಿಗೆ ಬಂದರು.

“ಹೋತೇನೋ ಫ್ಯಾಕ್ಟರಿ?” ಎಂದು ವಾಚ್‌ಮನ್‌ನನ್ನು ಕೇಳಿದರು.

“ಇಲ್ಲರಿ ಯಜ್ಜ, ನಡದೈತಿ.”

“ಮತ್ತ ಹೊಗಿ?”

“ಈ ಮೇಡಂ ಹಿಡದಿಟ್ಟಾರ್ರಿ.”

ಹಿರಿಯರು ನನ್ನನ್ನು ತಲೆಯಿಂದ ಬೂಟಿನವರೆಗೆ ನೋಡಿದರು. “ಹಿಡದು ಏನ್ ಮಾಡ್ತಿ ತಂಗಿ?”

“ನೀರು ಮಾಡ್ತೀನ್ರಿ.”

“ಅಲ್ಲವಾ,” ಎಂದರು ಅವರು, ಬಹಳ ಕನಿಕರದಿಂದ, “ಬೋರ್‌ವೆಲ್ ಅಂತ ಒಂದ ಬಂದೈತಿ. ಕೇಳಿಲ್ಲೇನು?”

ಮೂಗು ಮುಚ್ಚಿದ ಹ್ಯಾಮರು

ಹ್ಯಾಮರು ನಡೆಸುವ ಮಿಸ್ತ್ರಿಗೆ ನನಗಿಂತ ಹದಿನೈದು ವರ್ಷ ಹೆಚ್ಚು, ಮಾತು ಅಷ್ಟೇ ಕಡಿಮೆ. ಎರಡನೇ ದಿನ ಕೆಲಸ ನಿಲ್ಲಿಸಿ ನನ್ನೆದುರು ಬಂದು ನಿಂತರು.

“ಅದಕ್ಕ ಉಸರ ಕಟ್ಟೇತ್ರಿ.”

“ಯಾರಿಗೆ?”

“ಹ್ಯಾಮರಿಗೆ. ನೀವು ಅದರ ಮೂಗ ಮುಚ್ಚೀರಿ.”

ನಾನು ಗಾಬರಿಯಾಗಲಿಲ್ಲ. ಇಂಥವರನ್ನು ನಾಲ್ಕು ದೇಶಗಳಲ್ಲಿ ನೋಡಿದ್ದೇನೆ. ಹೊರಹೋಗುವ ಕೊಳವೆಗೆ ಒತ್ತಡ ಅಳೆಯುವ ಹೊಚ್ಚ ಹೊಸ ಮೀಟರು ಕೂಡಿಸಿದ್ದೆ. ಕರೆದುಕೊಂಡು ಹೋಗಿ ತೋರಿಸಿದೆ. “ನೋಡ್ರಿ ಮಾಮಾ, ಮುಳ್ಳು ಸೊನ್ನೆ ಮ್ಯಾಲೆ ಐತಿ. ಹಬೆಗೆ ಯಾವ ಅಡ್ಡಿನೂ ಇಲ್ಲ.” ಒತ್ತಡ ಎಂದರೇನು ಎಂಬುದನ್ನು ಹತ್ತು ನಿಮಿಷ ವಿವರಿಸಿದೆ. ಅವರು ಮಳೆ ನಿಲ್ಲಲಿ ಎಂದು ಕಾಯುವವರಂತೆ ನಿಂತು ಕೇಳಿದರು. ಆಮೇಲೆ ಜೇಬಿನಿಂದ ನಟ್ಟು ಬಿಚ್ಚುವ ಸಣ್ಣ ಪಾನಾ ತೆಗೆದು ಮೀಟರಿನ ತಲೆಗೆ ಟಕ್ಕನೆ ಒಂದು ಹಾಕಿದರು. ಅಲ್ಲಿಯವರೆಗೆ ಸಿಕ್ಕಿಕೊಂಡಿದ್ದ ಮುಳ್ಳು ಸೊನ್ನೆ ಬಿಟ್ಟು ಕೆಂಪು ಗೆರೆ ದಾಟಿ ನಿಂತಿತು.

ನಾನು ಎಲ್ಲರೆದುರೇ ಕೊಳವೆ ಬಿಚ್ಚಿಸಿ ದೊಡ್ಡದು ಹಾಕಿಸಿದೆ. ಸಂಜೆ ಹೋಗುವಾಗ ಮಿಸ್ತ್ರಿ ತಿರುಗಿ ನೋಡಿ, “ಅದಕ್ಕ ಓದಾಕ ಬರಂಗಿಲ್ರಿ. ಅದಕ್ಕ ಖರೆ ಹೇಳತೈತಿ,” ಎಂದರು. ಅವರು ಬೆರಳು ತೋರಿಸಿದ್ದು ಹ್ಯಾಮರಿನ ಕಡೆಗೆ.

ಮೇಯುವ ಸ್ಪೇರ್ ಪಾರ್ಟು

ಎಂಟು ದಿನವಾದರೂ ಎಣ್ಣೆ ಸೋಸುವ ವಿಶೇಷ ಬಟ್ಟೆ ಮುಖ್ಯ ಕಚೇರಿಯಿಂದ ಬರಲಿಲ್ಲ. ಇದ್ದ ಬಟ್ಟೆ ಜಿಡ್ಡು ಕುಡಿದು ಸತ್ತಿತ್ತು. ಬಾಯ್ಲರ್ ನೋಡಿಕೊಳ್ಳುವವನು ಗಲಗಲಿ ಕಡೆಯ ಕುರಿ ಕಾಯುವ ಮನೆತನದವನು, ಬೀರಪ್ಪ ದೇವರ ಭಕ್ತ. ಅವನ ಅಣ್ಣಂದಿರು ಈಗಲೂ ಹಿಂಡು ಹೊಡೆದುಕೊಂಡು ಹೋಗುತ್ತಾರೆ. ಅವನೆಂದ: “ಮೇಡಮ್ಮಾರ, ಉಣ್ಣಿ ಹಾಕಿ ನೋಡೂಣೇನ್ರಿ? ನೀರ ಬಿಡತೈತಿ, ಎಣ್ಣಿ ಬಿಡಂಗಿಲ್ಲ.”

ಮರುದಿನ ಎರಡು ಚೀಲ ತೊಳೆದ ಕರಿ ಉಣ್ಣೆ ಬಂತು. ತುಂಬಿದೆವು. ಕಾರ್ಖಾನೆಗೆಲ್ಲ ಹಟ್ಟಿಯ ವಾಸನೆ ಬಂತು, ನೀರು ಮಾತ್ರ ಕನ್ನಡಿಯಂತೆ ಬಂತು. ನಾನು ಪ್ರಾಮಾಣಿಕವಾಗಿ ವರದಿಯಲ್ಲಿ ‘ಕುರಿ ಉಣ್ಣೆ’ ಎಂದೇ ಬರೆದೆ. ಮುಖ್ಯ ಕಚೇರಿಯ ತರುಣ ಕೂಡಲೇ ಫೋನು ಮಾಡಿದ. ಸ್ಪೀಕರಿಗೆ ಹಾಕಿದೆ.

“ಮೇಡಂ, ಇದರ ಸ್ಪೇರ್ ಎಲ್ಲಿ ಸಿಗುತ್ತೆ? ಸ್ಟಾಕ್ ಮಾಡೋಕೆ ಏನಾದರೂ ವ್ಯವಸ್ಥೆ ಇದೆಯಾ?”

ನಾನು ಬಾಯಿ ತೆರೆಯುವ ಮೊದಲೇ ಬಾಯ್ಲರಿನವನು ಫೋನಿಗೆ ಬಾಗಿದ. “ನೀವೇನ ಕಾಳಜಿ ಮಾಡಬ್ಯಾಡ್ರಿ ಸಾಹೇಬ್ರ. ನಮ್ಮ ಸ್ಪೇರ್ ಪಾರ್ಟ್ ತಾನ ಮೇಯತೈತಿ, ತಾನ ಬೆಳಿತೈತಿ. ವರ್ಷಕ್ಕ ಎರಡ ಸಲ ಕತ್ರಸೂದಷ್ಟ.”

ಟ್ರಾಯಲ್

ಹದಿನೈದನೇ ದಿನ ಪ್ರಯೋಗಶಾಲೆಯ ಕಾಗದ ಬಂತು: ಎಣ್ಣೆ ಇಲ್ಲ. ಮಾಲಕರು ಅದನ್ನು ಮಡಚಿ ಜೇಬಿಗಿಟ್ಟರು. “ಹಿಂದಿನವ್ರೂ ಕಾಗದ ತೋರ್ಸಿದ್ರರಿ,” ಎಂದರು. ನೀರಿನ ವಿಷಯದಲ್ಲಿ ಅವರು ನಂಬುತ್ತಿದ್ದದ್ದು ಒಬ್ಬರನ್ನೇ, ತಮ್ಮ ಅವ್ವನನ್ನು. ಅವ್ವನ ಪರೀಕ್ಷೆಯೂ ಒಂದೇ: ತೊಗರಿ ಬೇಳೆ. ಅಲ್ಲಿನ ಬೋರಿನ ಸವಳು ನೀರಿನಲ್ಲಿ ಬೇಳೆ ಮಧ್ಯಾಹ್ನದವರೆಗೂ ಕುದಿದು ಬೇಯದೆ ಹಲ್ಲಿಗೆ ಸಿಗುತ್ತದೆ. “ಸಿಹಿನೀರಾದ್ರ ಬ್ಯಾಳಿ ಕರಗತೈತಿ. ಎಣ್ಣಿ ಇದ್ರ ಮ್ಯಾಲ ತೇಲತೈತಿ. ಅದಕ್ಯಾಕ ಕಾಗದ?” ಎಂದರು ಟ್ರಾಯಲ್‌ಗೆಂದೇ ಕಾರ್ಖಾನೆಗೆ ಬಂದಿದ್ದ ಅವ್ವ.

“ಬೇಯಿಸಿ ನೋಡ್ರಿ ಅವ್ವಾರ, ಉಣ್ಣಬ್ಯಾಡ್ರಿ. ಇದು ಬಾಯ್ಲರಿನ ನೀರು,” ಎಂದು ನಾನು ಕೈಮುಗಿದು ಹೇಳಿದೆ.

ಆಫೀಸಿನ ಮುಂದೆ ಗ್ಯಾಸ್ ಒಲೆ ಇಟ್ಟರು. ಕ್ಯಾಂಟೀನಿನ ಅಕ್ಕ ನನ್ನ ನೀರಿಗೆ ಬೇಳೆ ಹಾಕಿ ಕುದಿಸಿದಳು. ಹ್ಯಾಮರು ನಿಂತಿತು, ಎಲ್ಲರೂ ಸುತ್ತುಗಟ್ಟಿದರು. ಅರ್ಧ ತಾಸಿಗೆಲ್ಲ ಬೇಳೆ ಬೆಣ್ಣೆಯಾಯಿತು. ಜನ ಹೋ ಎಂದರು. ಮಾಲಕರು ಬಾಗಿ ಪಾತ್ರೆಯೊಳಗೆ ನೋಡಿದರು. ನಾನೂ ನೋಡಿದೆ.

ಮೇಲೆ ದುಂಡಗೆ, ಹೊಳೆಯುತ್ತ, ಎಣ್ಣೆ ತೇಲುತ್ತಿತ್ತು.

ಮಾಲಕರು ಕೂಗಾಡಲಿಲ್ಲ. “ದೊಡ್ಡ ಪಾನಾ ತರ್ರಿ,” ಎಂದರು. ಬಾಯ್ಲರಿನವನು ಬೀರಪ್ಪನನ್ನು ನೆನೆದ. ನನಗೆ ಮುಖ್ಯ ಕಚೇರಿಯ ಕುರ್ಚಿ ಕಂಡಿತು, ಅದರ ಬೆನ್ನಿಗೆ ಹಾಸಿದ ಟವೆಲ್ಲು ಸಹಿತ. ಕೊನೆಯ ಸಲ ಪಾತ್ರೆಗೆ ಮೂಗು ಒಡ್ಡಿದೆ. ಹ್ಯಾಮರಿನ ಎಣ್ಣೆ ಸುಟ್ಟ ಟೈರಿನಂತೆ ನಾರುತ್ತದೆ. ಇದು ಶೇಂಗಾ.

“ಅಕ್ಕಾ, ಇದಕ್ಕ ಏನ್ ಹಾಕೀರಿ?”

“ಏನೂ ಇಲ್ರಿ. ನಿಮ್ಮ ನೀರು, ನಮ್ಮ ಬ್ಯಾಳಿ.”

“ಮತ್ತೇನೂ ಇಲ್ಲ?”

“ಇಲ್ರಿ. ಒಂದ ಚಮಚ ಎಣ್ಣಿ.”

ಪಾನಾ ಹಿಡಿದ ಮಾಲಕರು ತಿರುಗಿದರು. “ಎಣ್ಣಿ ಯಾಕ ಹಾಕ್ದಿ ಬೇ?”

“ಉಕ್ಕಬಾರ್ದಂತ್ರಿ! ಎಣ್ಣಿ ಹಾಕದ ಬ್ಯಾಳಿ ಯಾರರ ಕುದಸ್ತಾರೇನ್ರಿ?”

“ಖರೆ ಐತಿ,” ಎಂದರು ಅವ್ವ, ಗಂಭೀರವಾಗಿ. “ಹಾಕಬೇಕ.”

ಎರಡನೇ ಪಾತ್ರೆಗೆ ಎಣ್ಣೆ ಹಾಕದಂತೆ ನಾನು ಅಕ್ಕನ ಪಕ್ಕದಲ್ಲೇ ಕಾವಲು ನಿಂತೆ. ಅದು ಉಕ್ಕಿತು, ಒಲೆ ಆರಿಸಿತು, ಮಾಲಕರ ಬೂಟು ತೋಯಿಸಿತು. ಆದರೆ ನೊರೆ ಇಳಿದ ಮೇಲೆ ಒಂದು ಹನಿ ಎಣ್ಣೆಯೂ ಇರಲಿಲ್ಲ. ಅವ್ವ ಒಂದು ಕಾಳನ್ನು ಎರಡು ಬೆರಳಿನಲ್ಲಿ ಒತ್ತಿದರು; ಅದು ಇದ್ದ ಗುರುತೂ ಉಳಿಯಲಿಲ್ಲ. “ಪಾಸ್,” ಎಂದರು. ಮಾಲಕರು ಪಾನಾ ಕೆಳಗಿಟ್ಟು ನನ್ನ ಕಾಗದಕ್ಕೆ ಸಹಿ ಹಾಕಲು ಪೆನ್ನು ತೆಗೆದರು. ನನ್ನ ಕುರ್ಚಿ ದೂರ ಸರಿಯಿತು.

ಅಷ್ಟರಲ್ಲಿ ಅವ್ವ ಮಗನ ಕೈ ಹಿಡಿದರು.

“ತಡೀಪಾ. ಇಷ್ಟ ಛಲೋ ನೀರ ಒಯ್ದು ಬಾಯ್ಲರಿಗೆ ಸುರೀತಿಯೇನ ಹುಚ್ಚಾ?”