ಮಲ್ಲಿಗೆ ಓಣಿಗೆ ಕ್ಯಾಮೆರಾ ಬಂದ ಬಗೆ

ನಮ್ಮ ಓಣಿಯಲ್ಲಿ ಒಂದು ಕಳ್ಳತನ ಆಯಿತೆಂದರೆ ಅದರ ಬೆನ್ನಿಗೆ ನಾಲ್ಕು ನಗೆಪಾಟಲು ಆಗದೆ ಇರುವುದಿಲ್ಲ. ಅಲೆವೂರಿನಿಂದ ಸ್ವಲ್ಪ ಒಳಗೆ ಹನ್ನೊಂದು ಮನೆಗಳು, ಎಲ್ಲರ ಅಂಗಳದಲ್ಲೂ ಮಲ್ಲಿಗೆ ಗಿಡ. ಹೋದ ವರ್ಷ ಮೊದಲು ಒಂದು ಮನೆಯ ಸೈಕಲ್ ಹೋಯಿತು, ಆಮೇಲೆ ಇನ್ನೊಂದು ಮನೆಯ ಬಚ್ಚಲಿನ ತಾಮ್ರದ ಹಂಡೆ ಹೋಯಿತು, ಕೊನೆಗೆ ಗಿಡದ ಮೊಗ್ಗೂ ಹೋಗಲು ಶುರುವಾಯಿತು. ಹೆಚ್ಚು ಪೆಟ್ಟು ಬಿದ್ದದ್ದು ನನ್ನ ಎದುರು ಮನೆಯ ಅಕ್ಕನಿಗೆ. ಗಂಡ ತೀರಿಕೊಂಡ ಮೇಲೆ ಅವರ ಮನೆ ನಡೆಯುವುದೇ ಆ ಗಿಡಗಳಿಂದ. ಬೆಳಕು ಹರಿಯುವ ಮೊದಲೇ ಯಾರೋ ಕೊಯ್ದುಕೊಂಡು ಹೋದರೆ ಅವರು ಕಟ್ಟಿ ಮಾರುವುದು ಏನನ್ನು?

"ಗಿಡ ತೆಗೆದುಬಿಡು, ತಲೆಬಿಸಿಯೇ ಬೇಡ" ಎಂದು ಅವರ ಅಣ್ಣ ಬುದ್ಧಿ ಹೇಳಿದರು.

"ಕದ್ದವನು ಆರಾಮ ಇರುವುದು, ನೆಟ್ಟವಳು ಗಿಡ ಕೀಳುವುದಾ? ಅದು ಆಗುವ ಮಾತಲ್ಲ" ಎಂದರು ಅಕ್ಕ.

ಓಣಿಗೆ ಕ್ಯಾಮೆರಾ ಬೇಕೆಂದು ತೀರ್ಮಾನವಾದದ್ದು ಆವತ್ತೇ. ನಾನು ಹೊಲಿಗೆ ಕೆಲಸದವಳು. ಅಕ್ಷರ ಚೆಂದ ಎಂಬ ಒಂದೇ ತಪ್ಪಿಗೆ ಅರ್ಜಿ ಬರೆಯುವ ಕೆಲಸ ನನ್ನ ತಲೆಗೆ ಬಿತ್ತು.

೧. ಲಗತ್ತು

ಅರ್ಜಿ ಹಿಡಿದು ನಾನೂ ಅಕ್ಕನೂ ಒಂದು ಸರ್ಕಾರಿ ಕಚೇರಿಗೆ ಹೋದೆವು. ಅಲ್ಲಿಯ ಗುಮಾಸ್ತರು ಒಳ್ಳೆಯವರೇ, ಕುಳಿತುಕೊಳ್ಳಲು ಹೇಳಿದರು. ಅರ್ಜಿಯನ್ನು ಎರಡು ಸಲ ಓದಿ, "ಕಳ್ಳತನ ಆಗಿದೆ ಅನ್ನುವುದಕ್ಕೆ ಸಾಕ್ಷಿ ಎಂತ ಉಂಟು? ಕಳ್ಳನ ಫೋಟೋ ಇದ್ದರೆ ಅರ್ಜಿಗೆ ಸ್ವಲ್ಪ ಬಲ ಬರ್ತದೆ" ಎಂದರು.

"ಆ ಫೋಟೋ ಸಿಗಲಿ ಅಂತಲೇ ಅಲ್ವಾ ಮಾರಾಯ್ರೆ, ನಾವು ಕ್ಯಾಮೆರಾ ಕೇಳುವುದು?" ಎಂದರು ಅಕ್ಕ.

ಅವರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ಅರ್ಜಿಯ ಮೂಲೆಯಲ್ಲಿ 'ಕಳ್ಳನ ಫೋಟೋ ಲಗತ್ತಿಸಿರುವುದಿಲ್ಲ' ಎಂದು ಬರೆದು ನಮಗೇ ವಾಪಸು ಕೊಟ್ಟರು.

೨. ಗುಟ್ಟು

ಓಣಿಯ ಕೊನೆಯ ಮನೆಯ ಹುಡುಗನಿಗೆ ಗಲ್ಫಿನಲ್ಲಿ ಕೆಲಸ. ರಜೆಗೆ ಬಂದವನು ನಮ್ಮ ಪಾಡು ನೋಡಲಾಗದೆ ಮಣಿಪಾಲದಿಂದ ಒಂದು ಕ್ಯಾಮೆರಾ ತಂದು ಓಣಿಯ ಬಾಯಿಯಲ್ಲಿ ಸಿಕ್ಕಿಸಿದ. ಕೆಂಪು ದೀಪ ಮಿಣುಕುತ್ತಿತ್ತು. "ಒಳಗೆ ಎಂತದ್ದೂ ಇಲ್ಲ, ಬರೀ ಡಬ್ಬ. ಕಳ್ಳ ಹೆದರಿದರೆ ಸಾಕಲ್ಲ. ಆದರೆ ಯಾರಿಗೂ ಹೇಳಬೇಡಿ" ಎಂದ. ನಾಲ್ಕು ದಿನ ಒಂದು ಮೊಗ್ಗೂ ಹೋಗಲಿಲ್ಲ. ನಾವು ಬೀಗಿದ್ದೇ ಬೀಗಿದ್ದು.

ಐದನೆಯ ದಿನ ಕಾಪುವಿನಿಂದ ಮೀನು ತರುವ ಹೆಂಗಸು ಬುಟ್ಟಿ ಇಳಿಸಿ, ತಲೆಯೆತ್ತಿ ನೋಡಿ, "ಇದಾ ನಿಮ್ಮ ಸುಳ್ಳು ಕ್ಯಾಮೆರಾ? ಚೆಂದ ಉಂಟು" ಎಂದಳು.

"ಸುಳ್ಳು ಅಂತ ನಿನಗೆ ಯಾರು ಹೇಳಿದ್ದು?" ಎಂದು ಕೇಳಿದೆ.

"ಉದ್ಯಾವರದಲ್ಲಿ ಎಲ್ಲ ಮನೆಯಲ್ಲೂ ಅದೇ ಸುದ್ದಿ. ಅದು ನಿಜವಾದದ್ದೇ ಅಂತ ನಾನು ಎಷ್ಟು ಹೇಳಿದರೂ ಒಬ್ಬರೂ ನಂಬುವುದಿಲ್ಲ."

ಸಂಜೆ ವಿಚಾರಣೆ ನಡೆಯಿತು. ಹನ್ನೊಂದು ಮನೆಯವರೂ ಒಬ್ಬೊಬ್ಬರಿಗೆ ಮಾತ್ರ ಹೇಳಿದ್ದರು. ಯಾರಿಗೂ ಹೇಳಬೇಡಿ ಎಂಬುದನ್ನು ಮಾತ್ರ ಯಾರೂ ಹೇಳದೆ ಬಿಟ್ಟಿರಲಿಲ್ಲ.

೩. ದಿಕ್ಕು

ಇನ್ನು ಯಾರ ಕಾಲೂ ಹಿಡಿಯುವುದು ಬೇಡವೆಂದು ಎಲ್ಲರೂ ಸೇರಿ ನಿಜವಾದ ಕ್ಯಾಮೆರಾ ತರಿಸಿದೆವು. ಕಾರ್ಕಳದಿಂದ ಬಂದ ಹುಡುಗ ಏಣಿ ಹತ್ತಿ, "ಯಾವ ಕಡೆ ತಿರುಗಿಸಲಿ?" ಎಂದು ಕೇಳಿದ. ಅಲ್ಲಿಂದ ಶುರುವಾಯಿತು ನೋಡಿ. ಮೂಲೆಮನೆಯ ಭಟ್ಟರು ಬೆಳಿಗ್ಗೆ ಸೊಂಟಕ್ಕೆ ಬೈರಾಸು ಟವೆಲು ಸುತ್ತಿಕೊಂಡು ಹಲ್ಲುಜ್ಜುವುದು ಕಾಣಬಾರದು. ಪಕ್ಕದ ಮನೆಗೆ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ಕಾಣಬಾರದು. ನಮ್ಮ ಮನೆಯ ಬಟ್ಟೆ ಒಣಹಾಕುವ ಹಗ್ಗ ಕಾಣಬಾರದು, ಅದು ನನ್ನದೇ ತಕರಾರು. ಎಲ್ಲರ ಮಾತು ಕೇಳಿ ತಿರುಗಿಸುತ್ತ ಹೋದ ಹುಡುಗ ಕೊನೆಗೆ, "ಈಗ ಒಂದು ತೆಂಗಿನ ಮರದ ತಲೆ ಕಾಣ್ತದೆ. ಸಾಕಾ?" ಎಂದ.

ಅಕ್ಕನಿಗೆ ರೇಗಿತು. "ನನ್ನ ಅಂಗಳಕ್ಕೆ ತಿರುಗಿಸು ಮಗಾ. ಪೂರಾ ಕಾಣಲಿ. ನನಗೆ ಮುಚ್ಚಿಡುವಂಥದ್ದು ಎಂತದ್ದೂ ಇಲ್ಲ, ಇದ್ದದ್ದನ್ನು ಕಳ್ಳ ಕೊಂಡುಹೋಗಿದ್ದಾನೆ" ಎಂದರು.

೪. ಶಿಕ್ಷೆ

ವಾರದೊಳಗೆ ಕಳ್ಳ ಕ್ಯಾಮೆರಾದಲ್ಲಿ ಬಿದ್ದ. ಮುಂಜಾನೆ ಬೈಕಿನಲ್ಲಿ ಬಂದು, ತಲೆಯ ಹೆಲ್ಮೆಟ್ ತೆಗೆಯದೆ ಸಾಲುಸಾಲಾಗಿ ಕೊಯ್ದಿದ್ದ. ಠಾಣೆಯಲ್ಲಿ ಪೊಲೀಸರೊಬ್ಬರು ಅದನ್ನು ನೋಡಿ, "ಹೆಲ್ಮೆಟ್ ಹಾಕಿದ್ದಾನಲ್ಲ ಅಮ್ಮ, ಹೇಗೆ ಹುಡುಕುವುದು?" ಎಂದರು.

"ಹೆಲ್ಮೆಟ್ ಹಾಕಿದವನನ್ನೇ ಹುಡುಕಿ ಸಾರ್" ಎಂದರು ಅಕ್ಕ. "ನಮ್ಮ ಒಳದಾರಿಯಲ್ಲಿ ಬೆಳಿಗ್ಗೆ ಐದು ಗಂಟೆಗೆ ಹೆಲ್ಮೆಟ್ ಹಾಕುವವರು ಎಷ್ಟು ಜನ ಉಂಟು?"

ಅವರಿಗೆ ನಗು ತಡೆಯಲಾಗಲಿಲ್ಲ. ಆದರೆ ಮಾತು ಸರಿಯಾಗಿತ್ತು. ಮೂರನೆಯ ದಿನ ಹೂವಿನ ಚೀಲದೊಂದಿಗೆ ಅವನು ಸಿಕ್ಕಿಬಿದ್ದ. ಪಕ್ಕದ ಊರಿನವನೇ, ಗಟ್ಟಿಮುಟ್ಟಾದ ಆಳು, ಮನೆಯಲ್ಲಿ ಒಂದು ತುಳಸಿ ಬಿಟ್ಟರೆ ಬೇರೆ ಗಿಡವಿಲ್ಲ. ತಪ್ಪಾಯಿತೆಂದು ಠಾಣೆಯಲ್ಲಿ ಕೈಮುಗಿದ. ಅವನ ಕಡೆಯ ಹಿರಿಯರೊಬ್ಬರು, "ಗುರುತಿನವನೇ ಅಲ್ವಾ ಅಕ್ಕ, ಕೇಸ್ ಗೀಸ್ ಬೇಡ, ಬಿಟ್ಟುಬಿಡಿ" ಎಂದು ರಾಜಿಗೆ ಬಂದರು.

ಅಕ್ಕ ಅವನನ್ನು ಮೇಲಿಂದ ಕೆಳಗೆ ನೋಡಿದರು. "ಕೆಲಸ ಚೊಕ್ಕ ಉಂಟು. ನಾಳೆಯ ಮೊಗ್ಗಿಗೆ ಕೈ ಹಾಕಲಿಲ್ಲ, ಒಂದು ಗೆಲ್ಲು ಮುರಿಯಲಿಲ್ಲ. ಕೊಯ್ಯಲಿಕ್ಕೆ ಜನ ಸಿಗದೆ ನಾನು ಸಾಯ್ತಾ ಇದ್ದೇನೆ. ಒಂದು ವರ್ಷ ದಿನಾ ಐದು ಗಂಟೆಗೆ ಬಂದು ನನ್ನ ಹೂ ಕೊಯ್ದು ಕೊಡಲಿ, ಬಿಡ್ತೇನೆ. ಕೊಯ್ದ ಮೇಲೆ ನನ್ನ ಎದುರು ಕೂತು ಕಟ್ಟಲಿಕ್ಕೂ ಕಲಿಯಬೇಕು. ಮಾತಾಡಲಿಕ್ಕೆ ನನಗೂ ಒಂದು ಜನ ಆಯ್ತು."

ಅವನು ಅಕ್ಕನ ಮುಖ ನೋಡಿದ, ಹಿರಿಯರ ಮುಖ ನೋಡಿದ. ಆಮೇಲೆ ಪೊಲೀಸರ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಸಾರ್, ಕೇಸೇ ಹಾಕಿ."