ಚೆನ್ನಕೇಶವನು ಮೂಸಂಬಿ ತಂದ ದಿನ

ಎಲೈ ವಿವೇಕಶಾಲಿಗಳಾದ ವಾಚಕ ಮಹಾಶಯರೇ! ಬಡವನು ಪುಷ್ಟಿಕರವಾದ ಆಹಾರವನ್ನು ಸೇವಿಸುವುದಕ್ಕೆ ಹಣವೊಂದೇ ಅಡ್ಡಿಯೆಂದು ತಾವು ಭಾವಿಸಿರಬಹುದು. ಬಾಗಲೂರಿನಲ್ಲಿ ನಾನು ಇಳಿದುಕೊಂಡಿದ್ದ ಮನೆಯ ಚೆನ್ನಕೇಶವನು ಆ ಅಡ್ಡಿಯನ್ನು ಹೇಗೋ ದಾಟಿದ್ದನು. ಅವನು ಎಡವಿದ್ದು ಅದರಾಚೆಗೆ.

ಹೊಸೂರಿನ ಹೊಸ ಕಾರ್ಖಾನೆಯೊಂದರಲ್ಲಿ ಅವನ ಕೆಲಸವು ಕಾಯಂ ಆಗುವುದರಲ್ಲಿತ್ತು. ಆದರೆ ಕಂಪನಿಯ ಡಾಕ್ಟರು ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಾಗ, ಮುಳ್ಳು ಮುನಿಸಿಕೊಂಡ ಅಳಿಯನಂತೆ ಕುಳಿತಲ್ಲಿಂದ ಏಳಲೊಲ್ಲದಾಯಿತು.

"ರೋಗ ಏನೂ ಇಲ್ಲಪ್ಪ, ಮೈಯಲ್ಲಿ ಮಾಂಸ ಇಲ್ಲ ಅಷ್ಟೆ. ಮೊಟ್ಟೆ, ಸೊಪ್ಪು, ಹಣ್ಣು ತಿನ್ನು. ಬರೋ ತಿಂಗಳು ತೂಕ ಏರದಿದ್ರೆ ಕೆಲಸ ಇಲ್ಲ" ಎಂದರು ಡಾಕ್ಟರು.

ದಿನಸಿಯ ಕಾಸು ಅಕ್ಕಿ ಎಣ್ಣೆಗಳಿಗೇ ಸಾಲುತ್ತಿರಲಿಲ್ಲ. ಚೆನ್ನಕೇಶವನು ಯೋಚಿಸಿದನು. ಮೊಟ್ಟೆಗೆ ಮನೆಯ ಕೋಳಿಯಿದೆ, ಸೊಪ್ಪಿಗೆ ಹೊಲದ ಬದುವಿದೆ. ಬೀಡಿಯನ್ನು ಬಿಟ್ಟರೆ ಹಣ್ಣಿಗಾಯಿತು! ಸಂತೆ ಕರಗುವ ಹೊತ್ತಿಗೆ ಹೋಗಿ, ಸಿಪ್ಪೆ ಬಾಡಿದ ಮೂಸಂಬಿಗಳನ್ನು ಅಗ್ಗಕ್ಕೆ ಕೊಂಡು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕುಳಿತನು.

ಅವನು ಕೆಟ್ಟದ್ದು ಇಲ್ಲಿಯೇ. ಆ ಸೀಮೆಯಲ್ಲಿ ಗಟ್ಟಿಮುಟ್ಟಾದವರಾರೂ ಮೂಸಂಬಿ ತಿನ್ನುವುದಿಲ್ಲ. ಅದು ಆಸ್ಪತ್ರೆಯ ಮಂಚದ ಪಕ್ಕದಲ್ಲಿಡುವ ಹಣ್ಣು.

ಅದೇ ಬಸ್ಸಿನಲ್ಲಿದ್ದ ಪಕ್ಕದ ಮನೆಯ ಗೋವಿಂದಮ್ಮನು ಚೀಲವನ್ನು ಕಂಡು ಬೆಚ್ಚಿದಳು.

"ಏನಪ್ಪಾ ಕೇಶವ, ಯಾರ್ಗೆ ಹುಷಾರಿಲ್ಲ?"

"ಯಾರ್ಗೂ ಏನಾಗಿಲ್ಲ ಗೋವಿಂದಕ್ಕ. ನಾನೇ ತಿನ್ನಾಕೆ ತಗಂಡೆ."

"ಅಯ್ಯೋ, ನಿಂಗೇನಾ! ಅದ್ಕೇ ಹಿಂಗೆ ಕಡ್ಡಿಯಂಗಾಗ್ಬುಟ್ಟಿದ್ದೀಯ!"

ಚೆನ್ನಕೇಶವನು ಹೊಲದ ಬಳಿ ಇಳಿದು ಸೊಪ್ಪು ಕಿತ್ತುಕೊಂಡು ಮನೆ ಸೇರುವಷ್ಟರಲ್ಲಿ ಜಗುಲಿಯ ತುಂಬ ಜನ. ಹೆಂಡತಿ ಕನಕಮ್ಮನು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಳು. ಹಿಂದೊಮ್ಮೆ ಎತ್ತೊಂದನ್ನು ಬದುಕಿಸಿದ ಖ್ಯಾತಿಯಿಂದ ಮನುಷ್ಯರಿಗೂ ಮದ್ದು ಹೇಳುತ್ತಿದ್ದ ಹಿರಿಯ ವೆಂಕಟರಾಮಪ್ಪನು ಚಾಪೆ ಹಾಸಿಸಿದ್ದನು.

"ಮೊದ್ಲು ಮಲಿಕ್ಕೊಳ್ಲಾ" ಎಂದನು.

"ನಂಗೇನೂ ಆಗಿಲ್ಲ ಮಾವ! ಚೆನ್ನಾಗಿ ತಿನ್ನು ಅಂತ ಡಾಕ್ಟ್ರೇ ಹೇಳವ್ರೆ!"

"ಡಾಕ್ಟ್ರ ತಾವ್ಕೂ ಹೋಗಿದ್ನಂತೆ" ಎಂದು ಗೋವಿಂದಮ್ಮನು ಪಿಸುಗುಟ್ಟಿದಳು.

ವೆಂಕಟರಾಮಪ್ಪನು ತಲೆಯಾಡಿಸಿದನು. "ಚೆನ್ನಾಗಿ ತಿನ್ನಲಿ ಅಂತ ಡಾಕ್ಟ್ರು ಅನ್ನೋದು ಯಾವಾಗ ಗೊತ್ತೇನ್ಲಾ? ಇನ್ನು ಕೈಲಾಗಾಕಿಲ್ಲ ಅಂದಾಗ!"

ಕನಕಮ್ಮನು ಗೊಳೋ ಎನ್ನುತ್ತ ಒಳಗೋಡಿದಳು. ವೆಂಕಟರಾಮಪ್ಪನು ಪಥ್ಯವನ್ನು ಸಾರಿದನು: "ಮೊಟ್ಟೆ ಉಷ್ಣ, ಸೊಪ್ಪು ವಾಯು, ಮೂಸಂಬಿ ಥಂಡಿ. ಗಂಜಿ ಒಂದೇ ಗತಿ."

ಎದುರಿಗಿದ್ದರೆ ರೋಗಿಗೆ ಆಸೆ ಹುಟ್ಟೀತೆಂಬ ಕರುಣೆಯಿಂದ, ನೋಡಲು ಬಂದವರೇ ಮೂಸಂಬಿಗಳನ್ನು ಸುಲಿದು ಮುಗಿಸಿದರು. ಮನೆಯಲ್ಲಿದ್ದ ಮೊಟ್ಟೆಗಳು ಬೆಂದು, ದೂರದ ಬೀದಿಯಿಂದ ಬಂದವರ ದಣಿವಾರಿಸಿದವು. ಚೆನ್ನಕೇಶವನ ಮುಂದೆ ಬಂದದ್ದು ಕಣ್ಣೀರಿನಷ್ಟೇ ತೆಳ್ಳಗಿನ ಗಂಜಿ.

ಇನ್ನು ಅವನಿಂದ ತಡೆಯಲಾಗಲಿಲ್ಲ. ಎದ್ದವನೇ ಮೂಲೆಯಲ್ಲಿದ್ದ ರಾಗಿಮೂಟೆಯನ್ನು ಹೆಗಲಿಗೇರಿಸಿ, ಅಂಗಳವನ್ನು ಸುತ್ತಿಬಂದು ದೊಪ್ಪನೆ ಕೆಡವಿದನು.

"ಕಾಯ್ಲೆಯೋನು ಹಿಂಗೆ ಹೊರ್ತಾನೇನ್ರೀ? ಈಗ್ಲಾದ್ರೂ ನಂಬ್ತೀರಾ?"

ವೆಂಕಟರಾಮಪ್ಪನು ನಾಡಿ ಹಿಡಿದು ನೋಡಿ ಕೂಗಿದನು: "ಗುಣ ಆಗ್ಬುಡ್ತು ಕಣ್ರಪ್ಪೋ!"

ಒಳಗಿನಿಂದ ಕನಕಮ್ಮನು ಅರಿಶಿನದ ದಾರ ಹಿಡಿದು, ಹಿಗ್ಗಿನಿಂದ ಓಡಿಬಂದು ಗಂಡನ ಮುಂಗೈಗೆ ಕಟ್ಟಿದಳು.

"ಬೆಟ್ಟದ ಸ್ವಾಮಿ ಕಣ್ಬುಟ್ಟ ಕಣ್ರೀ! ನನ್ ಗಂಡ ಎದ್ದು ಓಡಾಡಿದ್ರೆ, ಮೂರು ತಿಂಗ್ಳು ಮೊಟ್ಟೆ ಹಣ್ಣು ಮುಟ್ದೆ, ಒಪ್ಪೊತ್ತೇ ಉಣ್ತಾರೆ ಅಂತ ಈಗ್ತಾನೆ ಹರಕೆ ಹೊತ್ಕೊಂಡೆ!"

"ನಾನು ಒಪ್ಪೊತ್ತು ಉಣ್ತೀನಿ ಅಂತ ನೀನು ಹರಕೆ ಹೊರ್ಬೇಕಾಗಿತ್ತಲ್ಲೇ!"

"ಕಾಯ್ಲೆ ನಿಮ್ದಲ್ವಾ?"

ಬರುವ ತಿಂಗಳ ತೂಕದ ಯಂತ್ರವನ್ನು ನೆನೆದು ಚೆನ್ನಕೇಶವನು ರಾಗಿಮೂಟೆಯ ಮೇಲೆಯೇ ಕುಸಿದನು. ಅವನ ಜಗುಲಿಯಲ್ಲಿ ಇಳಿದುಕೊಂಡಿದ್ದ ನಾನು, ಒಪ್ಪೊತ್ತಿನ ಮನೆಯಲ್ಲಿ ಅತಿಥಿಗೆ ರಾತ್ರಿಯೂಟದ ಭರವಸೆಯಿಲ್ಲವೆಂಬುದನ್ನು ಮನಗಂಡು, ಹೊದಿಕೆಯನ್ನು ಮಡಿಚಿ, ಜೋಳಿಗೆಯನ್ನು ಹೆಗಲಿಗೆ ಹಾಕಿದೆನು. ಗುಮ್ಮಳಾಪುರದಲ್ಲಿ ನನಗೆ ಗುರುತಿನವರಿದ್ದಾರೆ. ಅವರೆಲ್ಲರೂ ಆರೋಗ್ಯವಾಗಿದ್ದಾರೆಂದು ಕೇಳಿದ್ದೇನೆ.